ಏರ್‌ಪೋರ್ಟ್ ಕೆಲಸ ಸಿಗುತ್ತದೆ ತಮ್ಮಾ, ಮೊದಲು ಐದು ವರ್ಷದ ಲೆಕ್ಕ ಹೊಂದಿಸು

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಪಿಯುಸಿ ಆಯಿತು, ಆಮೇಲೆ ಧಾರವಾಡದಲ್ಲಿ ಒಂದು ವರ್ಷ ನೀಟ್ ಕೋಚಿಂಗ್ ಆಯಿತು, ಅದು ಕೈ ಹಿಡಿಯಲಿಲ್ಲ. ಈಗ ಹತ್ತೊಂಬತ್ತು ವರ್ಷ. ಸೆಪ್ಟೆಂಬರ್‌ಗೆ ಲಂಡನ್ನಿನಲ್ಲಿ ಡಿಗ್ರಿಗೆ ಸೇರುತ್ತಿದ್ದೀಯ. ಗೋಕುಲ ರಸ್ತೆಯ ನಿಮ್ಮ ಮನೆಯ ಮಾಳಿಗೆ ಮೇಲೆ ನಿಂತು ವಿಮಾನ ಇಳಿಯುವುದನ್ನು ನೋಡುತ್ತಾ ಬೆಳೆದವನು ನೀನು. "ಅಕ್ಕಾರ, ಓದ್ತಾ ಓದ್ತಾ ಏರ್‌ಲೈನ್‌ನಲ್ಲಿ ಪಾರ್ಟ್‌ಟೈಮ್ ಕೆಲಸ ಸಿಗುತ್ತಾ? ಕ್ಯಾಬಿನ್ ಕ್ರೂ ಆಗಬಹುದಾ? ಟಿಕೆಟ್ ಪುಕ್ಕಟೆ ಕೊಡ್ತಾರಂತಲ್ಲ? ಅದರಲ್ಲೇ ಫೀ ಕಟ್ಟಿ ಅಪ್ಪನ ಸಾಲ ತೀರಿಸ್ತೀನಿ" ಅಂತ ಬರೆದಿದ್ದೀಯ.

ನಾನು ಬ್ಯಾಡಗಿಯವಳು. ಓದಿದ್ದು ಹುಬ್ಬಳ್ಳಿಯಲ್ಲಿ. 2010ರಲ್ಲಿ ಇಲ್ಲಿ ಲಂಡನ್ನಿಗೆ ಬಂದೆ. ಓದುತ್ತಿದ್ದಾಗ ಇಲ್ಲಿನ ಹೀಥ್ರೂ ಏರ್‌ಪೋರ್ಟ್‌ನ ಚೆಕ್‌ಇನ್ ಕೌಂಟರ್‌ನಲ್ಲಿ ನಿಂತೆ. ಈಗ ಅಲ್ಲೇ ಬೇರೆಯವರ ಶಿಫ್ಟ್ ಪಟ್ಟಿ ಮಾಡುವ ಕೆಲಸ ನನ್ನದು. ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ನಿನ್ನಂಥ ಹುಡುಗರು, ಹುಡುಗಿಯರು ಅರ್ಜಿ ಹಿಡಿದು ಬರುತ್ತಾರೆ. ಕೆಲವರಿಗೆ ಕೆಲಸ ಸಿಗುತ್ತದೆ. ತುಂಬಾ ಜನ ವಾಪಸ್ ಹೋಗುತ್ತಾರೆ. ಇಂಗ್ಲಿಷ್ ಬರಲ್ಲ ಅಂತಲ್ಲ. ಕಾಗದ ಇಲ್ಲ ಅಂತ.

ಮೊದಲು ಕ್ಯಾಬಿನ್ ಕ್ರೂ ಆಸೆ ಈಗ ಪಕ್ಕಕ್ಕಿಡು. ಅದಕ್ಕೆ ಕೆಲವು ವಾರಗಳ ಪೂರ್ತಿ ದಿನದ ಟ್ರೇನಿಂಗ್ ಇರುತ್ತದೆ. ಆಮೇಲೆ ಇವತ್ತು ಇಲ್ಲಿ, ನಾಳೆ ಮತ್ತೊಂದು ದೇಶ. ನಿನ್ನ ಸ್ಟೂಡೆಂಟ್ ವೀಸಾದಲ್ಲಿ ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. ಕಾಯಂ ಪೂರ್ಣಾವಧಿ ಹುದ್ದೆಗೂ ಸೇರುವ ಹಾಗಿಲ್ಲ. ಎರಡೂ ಹೊಂದುವುದಿಲ್ಲ ನೋಡು. ಡಿಗ್ರಿ ಮುಗಿಸು, ಆಮೇಲೆ ವಿಚಾರ ಮಾಡು.

ನಿನಗೆ ಸಿಗುವುದು ನೆಲದ ಮೇಲಿನ ಕೆಲಸ. ಅದೇನೂ ಕಡಿಮೆಯದ್ದಲ್ಲ. ವಿಮಾನದ ಮೇಲೆ ಹೆಸರು ಯಾವ ಕಂಪನಿಯದ್ದೇ ಇರಲಿ, ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡುವವರು, ಬ್ಯಾಗ್ ತುಂಬುವವರು, ಸೀಟಿನ ಸಂದಿ ಗುಡಿಸುವವರು, ಊಟದ ಟ್ರೇ ಜೋಡಿಸುವವರು, ವ್ಹೀಲ್‌ಚೇರ್ ತಳ್ಳುವವರು ಎಷ್ಟೋ ಸಲ ಬೇರೆ ಗುತ್ತಿಗೆ ಕಂಪನಿಯವರು. ಗ್ರೌಂಡ್ ಹ್ಯಾಂಡ್ಲಿಂಗ್ ಅಂತಾರೆ. ಪಾರ್ಟ್‌ಟೈಮ್ ಕೆಲಸ ಇರುವುದು ಇಂಥ ಕಂಪನಿಗಳಲ್ಲೇ ಜಾಸ್ತಿ. ಏರ್‌ಲೈನ್ ಹೆಸರು ಹಾಕಿ ಹುಡುಕಿದರೆ ಈ ಕೆಲಸಗಳು ಕಣ್ಣಿಗೇ ಬೀಳುವುದಿಲ್ಲ. ಗ್ರೌಂಡ್ ಹ್ಯಾಂಡ್ಲಿಂಗ್, ಪ್ಯಾಸೆಂಜರ್ ಸರ್ವಿಸ್ ಅಂತ ಹುಡುಕು.

ಈಗ ಕಾಗದದ ಮಾತು. ಇದನ್ನು ಸಮಾಧಾನವಾಗಿ ಓದು.

ಏರ್‌ಪೋರ್ಟ್‌ನಲ್ಲಿ ಸೆಕ್ಯುರಿಟಿ ದಾಟಿ ಒಳಗೆ ಕೆಲಸ ಮಾಡಬೇಕೆಂದರೆ ಗುರುತಿನ ಪಾಸ್ ಬೇಕು. ಆ ಪಾಸ್ ಕೊಡುವ ಮೊದಲು ನಿನ್ನ ಹಿಂದಿನ ಐದು ವರ್ಷ ಪೂರ್ತಿ ನೋಡುತ್ತಾರೆ. ಎಲ್ಲಿ ಓದಿದೆ, ಎಲ್ಲಿ ದುಡಿದೆ, ಸುಮ್ನೆ ಮನೆಯಲ್ಲಿದ್ದರೆ ಯಾವಾಗಿನಿಂದ ಯಾವಾಗಿನವರೆಗೆ ಇದ್ದೆ, ಎಲ್ಲ. 28 ದಿನಕ್ಕಿಂತ ಜಾಸ್ತಿ ಖಾಲಿ ಬಿಟ್ಟ ಜಾಗ ಇದ್ದರೆ ಅದಕ್ಕೂ ಯಾರಾದರೂ ಸಾಕ್ಷಿ ಹೇಳಬೇಕು. ಆ ಸಾಕ್ಷಿ ಮನೆಯವರಾಗಿರಬಾರದು. ನಿನಗೆ ಹತ್ತೊಂಬತ್ತು ಅಂದರೆ ಲೆಕ್ಕ ಹೈಸ್ಕೂಲಿನಿಂದ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಸರಿ. ಆ ಕೋಚಿಂಗ್ ವರ್ಷ? ಅಲ್ಲೇ ಸಿಕ್ಕಿಬೀಳುತ್ತೀಯ.

ನಾನು ಸಿಕ್ಕಿಬಿದ್ದಿದ್ದೆ. ಡಿಗ್ರಿ ಮುಗಿದ ಮೇಲೆ ಏಳು ತಿಂಗಳು ನಾನು ನನ್ನ ಅಪ್ಪನ ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೀನು ನೋಡಿರುತ್ತೀಯ. ಸೀಸನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲಿ ನೋಡಿದರೂ ಕೆಂಪು ಚೀಲ. ನಾನು ತೂಕದ ಚೀಟಿ ಬರೆಯುತ್ತಿದ್ದೆ. ರೈತರ ಲೆಕ್ಕ ಹೇಳುತ್ತಿದ್ದೆ. ಸಂಜೆ ಮನೆಗೆ ಹೋದ ಮೇಲೂ ಸೆರಗಿನಿಂದ ಘಾಟು ಹೋಗುತ್ತಿರಲಿಲ್ಲ. ನನ್ನ ಪ್ರಕಾರ ಅದು ದುಡಿಮೆಯೇ. ಆದರೆ ಫಾರ್ಮ್ ಮುಂದೆ ಕೂತಾಗ ನನ್ನ ಹತ್ತಿರ ಏನಿತ್ತು? ಸಂಬಳದ ಚೀಟಿ ಇಲ್ಲ, ನೇಮಕದ ಪತ್ರ ಇಲ್ಲ, ಮಾಲೀಕರು ನನ್ನ ಅಪ್ಪ. ಅಪ್ಪನ ಮಾತು ನಡೆಯುವುದಿಲ್ಲ ಅಂದರು.

ಪಕ್ಕದ ಅಂಗಡಿಯ ಸಾಹುಕಾರರು ತಮ್ಮ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟರು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈ ಹುಡುಗಿಯನ್ನು ದಿನವೂ ನೋಡಿದ್ದೇನೆ, ಊರಲ್ಲೇ ಇದ್ದಳು ಅಂತ. ಅದು ಆಯಿತು. ಇನ್ನು ಕಾಲೇಜು. ಇಲ್ಲಿಂದ ವಿಚಾರಣೆಯ ಮೇಲ್ ಹೋಯಿತು. ಎರಡು ವಾರ ಉತ್ತರವಿಲ್ಲ. ನನ್ನ ಅಣ್ಣ ಬ್ಯಾಡಗಿಯಿಂದ ಹುಬ್ಬಳ್ಳಿಗೆ ಮೂರು ಸಲ ಬಸ್ ಹತ್ತಿದ. ಮೊದಲ ಸಲ ಸಾಹೇಬರು ರಜೆ. ಎರಡನೇ ಸಲ ಆ ಮೇಲ್ ಯಾರು ನೋಡುತ್ತಾರೋ ಆಫೀಸಿನವರಿಗೇ ಗೊತ್ತಿರಲಿಲ್ಲ. ಮೂರನೇ ಸಲ ಅಣ್ಣ ಕ್ಲಾರ್ಕ್ ಪಕ್ಕ ನಿಂತು ಹುಡುಕಿಸಿದ. ಮೇಲ್ ಸ್ಪ್ಯಾಮ್‌ನಲ್ಲಿತ್ತು. ಅಷ್ಟರಲ್ಲಿ ಎರಡು ತಿಂಗಳು ಹೋಗಿತ್ತು. ಪಾಸ್ ಬರುವವರೆಗೆ ಕೆಲಸವಿಲ್ಲ, ಸಂಬಳವಿಲ್ಲ. ಆ ಚಳಿಗಾಲ ನಾನು ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಅನ್ನದ ಮೇಲೆ ಕಳೆದೆ.

ಅದಕ್ಕೇ ಹೇಳುತ್ತಿದ್ದೇನೆ, ಈ ಕೆಲಸ ಶುರುವಾಗುವುದು ಲಂಡನ್ನಿನಲ್ಲಲ್ಲ, ಹುಬ್ಬಳ್ಳಿಯಲ್ಲಿ. ಕೋಚಿಂಗ್ ಸೆಂಟರ್‌ನಿಂದ ಸೇರಿದ ದಿನ, ಬಿಟ್ಟ ದಿನ ಎರಡೂ ಇರುವ ಪತ್ರ ತಗೋ. "ಒಂದು ವರ್ಷ ಓದಿದ್ದಾನೆ" ಅಂತ ಬರೆದರೆ ಸಾಲದು. ತಾರೀಖು ಬೇಕು, ಸಹಿ ಮಾಡಿದವರ ಹೆಸರು, ಹುದ್ದೆ, ಆಫೀಸಿನ ಮೇಲ್ ವಿಳಾಸ ಬೇಕು. ಜಿಮೇಲ್ ವಿಳಾಸ ಕೊಟ್ಟರೆ ಇಲ್ಲಿಯವರು ಅನುಮಾನ ಪಡುತ್ತಾರೆ. ಪಿಯು ಕಾಲೇಜಿನಲ್ಲೂ ಹೀಗೇ ಮಾಡು. ಕ್ಲಾರ್ಕ್ ಸರ್‌ಗೆ ಮೊದಲೇ ಹೇಳಿಡು, ಇಂಗ್ಲೆಂಡ್‌ನಿಂದ ಮೇಲ್ ಬರುತ್ತದೆ, ದಯವಿಟ್ಟು ಉತ್ತರ ಕೊಡಿ ಅಂತ. ಕೋಚಿಂಗ್ ಬಿಟ್ಟ ಮೇಲೆ ಹೊರಡುವವರೆಗಿನ ತಿಂಗಳುಗಳಿಗೆ ಮನೆಯವರಲ್ಲದ ಒಬ್ಬರನ್ನು ಕೇಳಿಡು. ನಿನ್ನ ಹಳೆಯ ಮೇಷ್ಟ್ರು ಇದ್ದರೆ ಒಳ್ಳೆಯದು.

ಇನ್ನೊಂದು ಪೊಲೀಸ್ ಕ್ಲಿಯರೆನ್ಸ್, ನಿನ್ನ ಮೇಲೆ ಕೇಸಿಲ್ಲ ಅನ್ನುವ ಪ್ರಮಾಣಪತ್ರ, ಪಿಸಿಸಿ ಅಂತಾರಲ್ಲ ಅದು. ಹಿಂದಿನ ಐದು ವರ್ಷದಲ್ಲಿ ಯಾವ ದೇಶದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇದ್ದೆಯೋ ಆ ದೇಶದ್ದು ಬೇಕು. ನಿನ್ನದು ಭಾರತ ಒಂದೇ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿದರೆ ಹುಬ್ಬಳ್ಳಿಯ ಕೇಂದ್ರದಲ್ಲೇ ಆಗುತ್ತದೆ. ಹೊರಡುವ ದಿನ ಹತ್ತಿರ ಬಂದಾಗ ಮಾಡಿಸು. ತುಂಬಾ ಹಳೆಯದಾದರೆ ಮತ್ತೆ ಕೇಳುತ್ತಾರೆ, ಆಗ ಇಲ್ಲಿ ಭಾರತೀಯ ಹೈಕಮಿಷನ್ ಮೂಲಕ ಮತ್ತೆ ಅರ್ಜಿ, ಮತ್ತೆ ಕಾಯುವುದು.

ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತು, ಅದು ನನಗೆ ಸರಿ ಅನಿಸಲಿಲ್ಲ. ಅಡ್ಮಿಷನ್ ಜೊತೆಗೆ "ಏರ್‌ಪೋರ್ಟ್ ಜಾಬ್ ಗ್ಯಾರಂಟಿ" ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ ಅಂದೆಯಲ್ಲ. ಒಂದು ರೂಪಾಯಿ ಕೊಡಬೇಡ. ಇಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಕೆಲಸ ಹುಡುಕುವವನ ಹತ್ತಿರ ಏಜೆನ್ಸಿ ದುಡ್ಡು ತಗೊಳ್ಳುವುದೇ ಕಾನೂನಿಗೆ ವಿರುದ್ಧ, 1973ರಿಂದ ಕಾಯ್ದೆ ಇದೆ. ಅದೂ ಅಲ್ಲದೆ ನಿನ್ನ ಐದು ವರ್ಷವನ್ನು ಇನ್ನೂ ಯಾರೂ ಪರಿಶೀಲಿಸಿಲ್ಲ. ಪಾಸ್ ಸಿಗುತ್ತದೋ ಇಲ್ಲವೋ ಅವರಿಗೆ ಹೇಗೆ ಗೊತ್ತು? ನಿನ್ನ ಅಪ್ಪನಿಗೂ ಇದನ್ನು ಓದಿ ಹೇಳು.

ಅಪ್ಪನ ಸಾಲದ ಮಾತಿಗೆ ಬರೋಣ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಕನಿಷ್ಠ ಕೂಲಿ 18ರಿಂದ 20 ವಯಸ್ಸಿನವರಿಗೆ ಗಂಟೆಗೆ 10 ಪೌಂಡ್, 21 ತುಂಬಿದವರಿಗೆ 12.21 ಪೌಂಡ್. ಪ್ರತಿ ಏಪ್ರಿಲ್‌ಗೆ ಸ್ವಲ್ಪ ಏರುತ್ತದೆ. ನಿನ್ನ ವಯಸ್ಸಿಗೆ 20 ಗಂಟೆ ಅಂದರೆ ಆ ದರದಲ್ಲಿ ವಾರಕ್ಕೆ 200 ಪೌಂಡ್. ಕೆಲವು ಕಂಪನಿ ಜಾಸ್ತಿ ಕೊಡಬಹುದು, ಆದರೆ ಲೆಕ್ಕ ಹಾಕುವಾಗ ಕಡಿಮೆಯದ್ದನ್ನೇ ಹಾಕು. ಅದರಲ್ಲಿ ರೂಮಿನ ಬಾಡಿಗೆಗೇ ಬಹುಪಾಲು ಹೋಗುತ್ತದೆ. ಉಳಿದದ್ದು ಬಸ್ಸಿಗೆ, ಹೊಟ್ಟೆಗೆ. ಫೀಗೆ ಏನೂ ಉಳಿಯುವುದಿಲ್ಲ ತಮ್ಮಾ. ವೀಸಾಕ್ಕೆ ದುಡ್ಡು ತೋರಿಸುವಾಗ ಇಲ್ಲಿನ ಸರ್ಕಾರವೇ ಮುಂದೆ ದುಡಿಯುತ್ತೇನೆ ಅನ್ನುವ ಲೆಕ್ಕವನ್ನು ಹಿಡಿಯುವುದಿಲ್ಲ. ಮೊದಲ ವರ್ಷದ ಫೀ, ಒಂಬತ್ತು ತಿಂಗಳ ಖರ್ಚು ಕೈಯಲ್ಲಿರಬೇಕು ಅನ್ನುತ್ತದೆ. ಅಪ್ಪನ ಮುಂದೆ ಕೂತು ಇದನ್ನು ಈಗಲೇ ಹೇಳು. ಈ ಕೆಲಸದಿಂದ ನನ್ನ ಊಟ, ನನ್ನ ಓಡಾಟ ನೋಡಿಕೊಳ್ಳುತ್ತೇನೆ, ಫೀ ನನ್ನಿಂದ ಆಗುವುದಿಲ್ಲ ಅಂತ. ಹೇಳುವುದು ಕಷ್ಟ, ನನಗೆ ಗೊತ್ತು. ಆದರೆ ಎರಡನೇ ವರ್ಷದ ಫೀ ಕಟ್ಟುವ ವಾರದಲ್ಲಿ ಫೋನ್ ಮಾಡಿ ಹೇಳುವುದು ಇನ್ನೂ ಕಷ್ಟ. ಆ ಫೋನ್ ಮಾಡಿ ಮೆಟ್ಟಿಲ ಮೇಲೆ ಕೂತು ಅತ್ತವರನ್ನು ನಾನು ನೋಡಿದ್ದೇನೆ.

20 ಗಂಟೆ ಅಂದರೆ 20 ಗಂಟೆಯೇ. ಸೋಮವಾರದಿಂದ ಭಾನುವಾರದವರೆಗೆ ಒಂದು ವಾರ. ಈ ವಾರ 15, ಮುಂದಿನ ವಾರ 25 ಅಂತ ಸರಿದೂಗಿಸುವ ಹಾಗಿಲ್ಲ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 20. ನಾನಿದ್ದ ಮನೆಯಲ್ಲಿ ಒಬ್ಬ ಹುಡುಗಿ ಏರ್‌ಪೋರ್ಟ್ ಕೆಲಸದ ಜೊತೆ ಹೋಟೆಲ್‌ನಲ್ಲೂ ದುಡಿಯುತ್ತಿದ್ದಳು. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದಳು. ವೀಸಾ ಮುಂದುವರಿಸುವಾಗ ಸಂಬಳದ ಚೀಟಿಗಳೇ ಅವಳ ಗಂಟೆ ಹೇಳಿದವು. ಊರಿಗೆ ವಾಪಸ್ ಹೋದಳು. ಡಿಗ್ರಿ ಅರ್ಧಕ್ಕೇ ನಿಂತಿತು. ಮ್ಯಾನೇಜರ್ ಬಂದು "ಇವತ್ತು ಒಬ್ಬರು ಬಂದಿಲ್ಲ, ನಾಲ್ಕು ಗಂಟೆ ನಿಲ್ತೀಯಾ" ಅಂತ ಕೇಳುತ್ತಾರೆ. ನಿನ್ನ ಗಂಟೆ ತುಂಬಿದ್ದರೆ ಇಲ್ಲ ಅನ್ನು. ಹಾಗಂದವರನ್ನು ನಾನು ಯಾವತ್ತೂ ಬೈದಿಲ್ಲ.

ಒಂದು ಒಳ್ಳೆಯ ಸುದ್ದಿಯೂ ಇದೆ. ನಿನ್ನದು ಬ್ಯಾಚುಲರ್ ಡಿಗ್ರಿ. ಕ್ರಿಸ್‌ಮಸ್, ಈಸ್ಟರ್, ಬೇಸಿಗೆಯ ಅಧಿಕೃತ ರಜೆಯಲ್ಲಿ ಪೂರ್ತಿ ಹೊತ್ತು ದುಡಿಯಬಹುದು. ಏರ್‌ಪೋರ್ಟ್‌ನಲ್ಲಿ ಜನ ಬೇಕಾಗುವುದೂ ಆಗಲೇ. ಮಾಸ್ಟರ್ಸ್ ಮಾಡುವವರಿಗೆ ಈ ಅನುಕೂಲ ಕಡಿಮೆ, ಬೇಸಿಗೆಯಲ್ಲಿ ಅವರಿಗೆ ಪ್ರಬಂಧದ ಕೆಲಸ ಇರುವುದರಿಂದ ಅದು ರಜೆಯಲ್ಲ. ಪಾಸ್ ಬರುವವರೆಗೆ ಯೂನಿವರ್ಸಿಟಿ ಲೈಬ್ರರಿ, ಕ್ಯಾಂಟೀನ್‌ನಲ್ಲೂ ಕೇಳು.

ಶಿಫ್ಟ್ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುವುದುಂಟು. ಶುಕ್ರವಾರ ರಾತ್ರಿ, ಶನಿವಾರ ರಾತ್ರಿ ಬಿಟ್ಟರೆ ಆ ಹೊತ್ತಿಗೆ ಮೆಟ್ರೋ ರೈಲು ಇರುವುದಿಲ್ಲ. ರಾತ್ರಿ ಬಸ್ಸೇ ಗತಿ. ಎನ್9 ಇದೆ, 285 ಇದೆ. ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಆ ಬಸ್ ಮನೆ ಹತ್ತಿರ ನಿಲ್ಲುತ್ತದಾ ನೋಡು. ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸ್ ಇರುವ ದಿನ ಮುಂಜಾನೆ ಶಿಫ್ಟ್ ತಗೊಳ್ಳಬೇಡ. ಕ್ಲಾಸಿಗೆ ಹೋಗದೆ ಇದ್ದರೆ ಯೂನಿವರ್ಸಿಟಿಯವರು ವೀಸಾ ಇಲಾಖೆಗೆ ತಿಳಿಸಬೇಕಾಗುತ್ತದೆ.

ಪುಕ್ಕಟೆ ಟಿಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುತ್ತಿಗೆ ಕಂಪನಿಯಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ. ಏರ್‌ಲೈನ್ ನೌಕರರಿಗೂ ಸಿಗುವುದು ಬಹುತೇಕ ಸ್ಟ್ಯಾಂಡ್‌ಬೈ, ಸೀಟು ಖಾಲಿ ಉಳಿದರೆ ಮಾತ್ರ. ಊರಿನ ಮದುವೆಗೆ ಅದನ್ನು ನಂಬಿ ಹೊರಡಬೇಡ.

ಇಷ್ಟೆಲ್ಲ ಹೇಳಿ ನಿನ್ನನ್ನು ಹೆದರಿಸಿದೆನಾ ಗೊತ್ತಿಲ್ಲ. ನನಗೆ ಈ ಕೆಲಸ ತುಂಬಾ ಇಷ್ಟ. ಮೊದಲ ವರ್ಷದಲ್ಲೇ ನಡೆದದ್ದು ಒಂದು ಹೇಳುತ್ತೇನೆ. ಪಕ್ಕದ ಕೌಂಟರ್ ಮುಂದೆ ಒಬ್ಬ ವಯಸ್ಸಾದ ತಾಯಿ ನಿಂತಿದ್ದರು. ಇಳಕಲ್ ಸೀರೆ, ಮೇಲೆ ಮಗನ ದೊಡ್ಡ ಜಾಕೆಟ್. ಬ್ಯಾಗ್ 26 ಕೆಜಿ, ಬಿಡುವುದು 23. ನನ್ನ ಜೊತೆಯವಳು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದಾಳೆ, ಇವರು "ಮಗಾ ಹೊರಗ ನಿಂತಾನ್ರೀ" ಅಂತ ಅಷ್ಟೇ ಹೇಳುತ್ತಿದ್ದಾರೆ. ನಾನು ಎದ್ದು ಹೋಗಿ, "ಯವ್ವಾ, ಯಾವೂರು ನಿಮ್ಮದು?" ಅಂದೆ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು. ಸವಣೂರು ಅಂದರು. ಸೊಸೆಯ ಬಾಣಂತನಕ್ಕೆ ಬಂದು ಹೊರಟಿದ್ದರು. ಇಬ್ಬರೂ ನೆಲದ ಮೇಲೆ ಕೂತು ಬ್ಯಾಗ್ ಬಿಚ್ಚಿದೆವು. ಮೇಲೆಯೇ ಮೊಮ್ಮಗನಿಗೆ ಚಿಕ್ಕದಾದ ಅಂಗಿಗಳು, ಒಂದೊಂದೂ ಮಡಿಚಿಟ್ಟಿದ್ದರು. ಊರಲ್ಲಿ ಮಗಳು ಬಸುರಿ, ಅವಳ ಕೂಸಿಗೆ ಅಂತ. ಅವನ್ನೆಲ್ಲ ಕೈಚೀಲಕ್ಕೆ ಹಾಕಿ, ಎರಡು ಸ್ವೆಟರ್ ಅವರಿಗೇ ತೊಡಿಸಿದೆ. 23 ಆಯಿತು. ಗೇಟಿನವರೆಗೂ ಜೊತೆಗೆ ಹೋಗಿ ಬಿಟ್ಟುಬಂದೆ.

ಇಂಟರ್ವ್ಯೂನಲ್ಲಿ ಯಾವ ಭಾಷೆ ಬರುತ್ತದೆ ಅಂತ ಕೇಳಿದಾಗ ಇಂಗ್ಲಿಷ್, ಹಿಂದಿ ಅಂತ ಹೇಳಿ ನಿಲ್ಲಿಸಬೇಡ. ಕನ್ನಡ ಅನ್ನು. ಬೆಂಗಳೂರಿಗೆ ಇಲ್ಲಿಂದ ನೇರ ವಿಮಾನ ಇದೆ. ಆ ಸಾಲಿನಲ್ಲಿ ಇಂಥ ತಾಯಂದಿರು ಈಗಲೂ ನಿಂತಿರುತ್ತಾರೆ.

ಈ ವಾರವೇ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಬಾ. ಕೋಚಿಂಗ್‌ನವರ ಪತ್ರ ಕೈಗೆ ಬಂದ ಮೇಲೆ ಫೋಟೋ ತೆಗೆದು ಕಳಿಸು. ತಾರೀಖು ಸರಿಯಿದೆಯಾ ನೋಡಿ ಹೇಳುತ್ತೇನೆ, ತಪ್ಪಿದ್ದರೆ ಇನ್ನೊಂದು ಸಲ ಹೋಗಿ ಬರಲು ನಿನಗೆ ಟೈಮ್ ಇದೆ.

ನಿನ್ನ ಅಕ್ಕ