ಬಂದೂಕು ಇದ್ದರೂ ಕತ್ತಿ ಯಾಕೆ?

ಪ್ರಿಯ ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಅದರ ತಿರುಳನ್ನು ಮೊದಲು ಹೇಳಿಬಿಡುತ್ತೇನೆ. ನೀವು ದಾವಣಗೆರೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ದಸರಾ ರಜೆಗೆ ಬಂದ ಮೊಮ್ಮಗ ಟಿವಿಯಲ್ಲಿ 'ಫೈನಲ್ ಫ್ಯಾಂಟಸಿ 7' ಗೇಮಿನ ಹೊಸ ಆವೃತ್ತಿ ಆಡುತ್ತಿದ್ದಾಗ ಪಕ್ಕದಲ್ಲಿ ಕೂತು ನೋಡಿದಿರಿ. ಅದರಲ್ಲಿ ರೈಲಿದೆ, ರಿಯಾಕ್ಟರ್ ಇದೆ, ಕಾವಲುಗಾರರ ಕೈಯಲ್ಲಿ ಬಂದೂಕಿದೆ. ನಾಯಕ ಮಾತ್ರ ಆಳೆತ್ತರದ ಕತ್ತಿಯನ್ನು ಬೆನ್ನಿಗೇರಿಸಿಕೊಂಡು ಅವರ ಮೇಲೆ ನುಗ್ಗುತ್ತಾನೆ. "ಗುಂಡಿನ ಮುಂದೆ ಕತ್ತಿ ನಿಲ್ಲುತ್ತದೆಯೇ? ಚಿತ್ರದುರ್ಗದ ಕೋಟೆಯನ್ನು ದಿನಾ ನೋಡುವ ನೀವೇ ಹೇಳಿ" ಅಂತ ಕೇಳಿದ್ದೀರಿ. ಇದೆಲ್ಲ ಹುಡುಗರನ್ನು ಮರುಳು ಮಾಡುವ ವ್ಯಾಪಾರ ಅನ್ನೋದು ನಿಮ್ಮ ಅನುಮಾನ. ಬರ್ತ್‌ಡೇ ಕೇಕನ್ನು ತಲವಾರಿನಲ್ಲಿ ಕತ್ತರಿಸಿ ಪೊಲೀಸರಿಗೆ ಸಿಕ್ಕಿಬೀಳುವ ಹುಡುಗರ ಸುದ್ದಿ ಓದಿದಾಗೆಲ್ಲ ಈ ಗೇಮು ನೆನಪಾಗುತ್ತದೆ ಅಂತಲೂ ಬರೆದಿದ್ದೀರಿ.

ಕೋಟೆಯಿಂದಲೇ ಶುರು ಮಾಡೋಣ. ನೀವು ಎಷ್ಟೋ ಸಲ ಮಕ್ಕಳನ್ನು ಕರೆತಂದಿರುತ್ತೀರಿ. ಒಳಗೆ ಹೋದರೆ ಒಂದು ಕಡೆ ತಗ್ಗಿನಲ್ಲಿ ಆ ದೊಡ್ಡ ಬೀಸುವ ಕಲ್ಲುಗಳಿವೆ. ಸಿಡಿಮದ್ದು ಅರೆಯಲು ಇಟ್ಟ ಕಲ್ಲುಗಳು ಅಂತ ಗೈಡುಗಳು ತೋರಿಸುತ್ತಾರೆ. ಗೋಡೆಗಳಲ್ಲಿ ಕೋವಿಯ ಮೂತಿ ಇಡುವ ಕಿಂಡಿಗಳಿವೆ. ಅಂದರೆ ನಾಯಕರ ಕಾಲದ ದುರ್ಗಕ್ಕೆ ಮದ್ದು, ಗುಂಡು ಹೊಸದೇನಲ್ಲ. ಹಾಗಿದ್ದೂ ಅದೇ ಕೋಟೆಯ ದಾರಿ ನೋಡಿ. ಒಂದು ಬಾಗಿಲು ದಾಟಿದರೆ ಇನ್ನೊಂದು ನೇರಕ್ಕೆ ಸಿಗುವುದಿಲ್ಲ. ದಾರಿ ತಿರುಗುತ್ತದೆ, ಗೋಡೆ ಎದುರಾಗುತ್ತದೆ. ಬಂದವನು ಗೋಡೆಯ ಬುಡಕ್ಕೇ ಬರಬೇಕು, ಬಂದ ಮೇಲೆ ಕೈಗೆ ಕೈ ಕೊಟ್ಟೇ ಕಾದಬೇಕು. ಹೈದರ್ ಅಲಿಯ ಹತ್ತಿರ ತೋಪಿದ್ದವು. ಆದರೂ ನಾವೆಲ್ಲ ಕೇಳಿ ಬೆಳೆದ ಓಬವ್ವನ ಕಥೆಯಲ್ಲಿ ಅವನ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೆವಳಿಕೊಂಡೇ ಬಂದರು. ಅಲ್ಲಿ ಗೆದ್ದಿದ್ದು ಒನಕೆ. 1779ರಲ್ಲಿ ಕೋಟೆ ಕೊನೆಗೂ ಹೈದರನ ಕೈ ಸೇರಿತು, ನಿಜ. ಅದಕ್ಕೆ ತೋಪೊಂದೇ ಕಾರಣ ಅಂತ ನೀವು ಪಾಠದಲ್ಲೂ ಹೇಳಿರಲಾರಿರಿ.

ಆ ಕಾಲದ ಕೋವಿಯ ಕೆಲಸ ನೆನಪು ಮಾಡಿಕೊಳ್ಳಿ. ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಉದ್ದನೆಯ ಸಲಾಕೆಯಿಂದ ಜಡಿಯಬೇಕು, ಆಮೇಲೆ ಗುರಿ. ಪಳಗಿದ ಸಿಪಾಯಿಗೂ ನಿಮಿಷಕ್ಕೆ ಎರಡು ಮೂರು ಗುಂಡಿಗಿಂತ ಜಾಸ್ತಿ ಆಗುತ್ತಿರಲಿಲ್ಲ. ನೂರು ಗಜ ದಾಟಿದರೆ ಗುರಿಯನ್ನು ನೆಚ್ಚುವ ಹಾಗಿರಲಿಲ್ಲ. ಮದ್ದಿಗೆ ತೇವ ತಗುಲಿದರೆ ಕೋವಿ ಬರೀ ಕೋಲು. ಒಂದು ಗುಂಡು ಹಾರಿ ಇನ್ನೊಂದು ತುಂಬುವ ಹೊತ್ತಿಗೆ ಎದುರಾಳಿ ಓಡಿ ಬಂದು ಮೈಮೇಲೆ ಬೀಳಬಹುದಿತ್ತು. ಅದಕ್ಕೇ ಕೋವಿಯ ತುದಿಗೆ ಬಯೋನೆಟ್ ಅನ್ನುವ ಚೂಪು ಅಲಗು ಬಂತು, ಕುದುರೆ ಸವಾರರ ಸೊಂಟದಲ್ಲಿ ಕತ್ತಿ ಉಳಿಯಿತು. ಮೈಸೂರಿನವರ ಕಬ್ಬಿಣದ ರಾಕೆಟ್ಟುಗಳಲ್ಲಿ ಕೆಲವಕ್ಕೆ ಕತ್ತಿಯ ಅಲಗನ್ನೇ ಕಟ್ಟಿ ಹಾರಿಸುತ್ತಿದ್ದರು. 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಳೇ ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವಲ್ಲ, ಆ ಪರಂಪರೆಯವು. ಇನ್ನೂ ಈಚೆಗೆ ಬನ್ನಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರಿನಲ್ಲಿ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್ ಪಡೆಗಳು ಈಟಿ, ಕತ್ತಿ ಹಿಡಿದು, ಕುದುರೆ ಮೇಲೆ, ಮಷಿನ್ ಗನ್ನುಗಳಿಗೆ ಎದುರಾಗಿ ನುಗ್ಗಿ ಊರು ಗೆದ್ದವು. ನಮ್ಮ ಮೈಸೂರಿನ ಸವಾರರು, ಮೇಷ್ಟ್ರೇ! ಬಂದೂಕು ಬಂದ ಮಾರನೇ ದಿನ ಕತ್ತಿ ಮೂಲೆ ಸೇರಲಿಲ್ಲ. ನೂರಾರು ವರ್ಷ ಎರಡೂ ಒಟ್ಟಿಗೇ ಬಾಳಿದವು.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟ ಹಾಗೆ. ಗೇಮಿನಲ್ಲಿರುವುದು ಹಳೇ ಕೋವಿ ಅಲ್ಲ, ಇವತ್ತಿನ ಮಷಿನ್ ಗನ್. ಅದರ ಮುಂದೆಯೂ ಕತ್ತಿ ಯಾಕೆ? ನನ್ನ ಉತ್ತರ ಇದು: ಗುಂಡಿಗೆ ಎದುರಾಳಿ ಜವಾಬು ಕೊಡಲಾರ, ಕತ್ತಿಗೆ ಕೊಡಬಲ್ಲ. ಆಟ ಅಂದಮೇಲೆ ಸವಾಲು ಇರಬೇಕು, ಜವಾಬೂ ಇರಬೇಕು.

ಲೆಕ್ಕ ಹಾಕಿ ನೋಡಿ. ಈಗಿನ ರೈಫಲ್ಲಿನ ಗುಂಡು ಸೆಕೆಂಡಿಗೆ 700 ಮೀಟರಿಗೂ ವೇಗವಾಗಿ ಹೋಗುತ್ತದೆ. 50 ಮೀಟರ್ ದೂರದಲ್ಲಿ ನಿಂತವನಿಗೆ ಅದು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಕಣ್ಣು ಕಂಡದ್ದಕ್ಕೆ ನಮ್ಮ ಬೆರಳು ಬಟನ್ ಒತ್ತಲು ಸುಮಾರು ಕಾಲು ಸೆಕೆಂಡ್ ಬೇಕು. ಅಂದರೆ ಗುಂಡನ್ನು ನೋಡಿ ತಪ್ಪಿಸಿಕೊಳ್ಳುವುದು ಆಗದ ಮಾತು. ಎಷ್ಟೋ ಗೇಮುಗಳಲ್ಲಿ ಗುಂಡು ಅನ್ನುವ ವಸ್ತುವೇ ಇರುವುದಿಲ್ಲ. ಟ್ರಿಗರ್ ಒತ್ತಿದ ಕ್ಷಣ ಕಂಪ್ಯೂಟರ್ ಒಂದು ನೇರ ಗೆರೆ ಎಳೆದು, ಅದಕ್ಕೆ ಯಾರು ಅಡ್ಡ ಸಿಕ್ಕರೋ ಅವರಿಗೆ ಪೆಟ್ಟು ಅಂತ ಬರೆದುಕೊಳ್ಳುತ್ತದೆ. ಹೊಡೆಸಿಕೊಂಡವನಿಗೆ ಮಾಡುವುದೇನೂ ಉಳಿಯುವುದಿಲ್ಲ. ಅವನು ಮೊದಲೇ ಮರೆಯಲ್ಲಿ ಅಡಗಿರಬೇಕಿತ್ತು, ಅಷ್ಟೆ.

ಕತ್ತಿಯ ಪೆಟ್ಟಿಗೆ ಮೂರು ಹಂತ. ಎತ್ತುವುದು, ಬೀಸುವುದು, ಬೀಸಿದ ಮೇಲೆ ಸಾವರಿಸಿಕೊಳ್ಳುವುದು. ಗೇಮ್ ಮಾಡುವವರು ಈ ಮೂರನ್ನೂ ಫ್ರೇಮುಗಳಲ್ಲಿ, ಅಂದರೆ ಪರದೆಯ ಮೇಲೆ ಒಂದರ ಹಿಂದೆ ಒಂದು ಓಡುವ ಬಿಡಿ ಚಿತ್ರಗಳಲ್ಲಿ, ಎಣಿಸುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಮನುಷ್ಯನ ಕಾಲು ಸೆಕೆಂಡ್ ಅಂದರೆ 15 ಫ್ರೇಮ್. ರಾಕ್ಷಸ ಕತ್ತಿ ಎತ್ತುವುದಕ್ಕೆ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಕೊಟ್ಟರೆ ಆಡುವವನಿಗೆ ಹೆಗಲು ತಿರುಗಿದ್ದು ಕಾಣುತ್ತದೆ. ತಡೆಯಲೋ, ಪಕ್ಕಕ್ಕೆ ಹಾರಲೋ, ನಾನೇ ಮುಂಚೆ ಹೊಡೆಯಲೋ ಅಂತ ತೀರ್ಮಾನಿಸಲು ಹೊತ್ತು ಸಿಗುತ್ತದೆ. ಪೆಟ್ಟು ತಗುಲಿದ ಕ್ಷಣ ಚಿತ್ರವನ್ನು ಒಂದೆರಡು ಫ್ರೇಮ್ ಹಾಗೇ ನಿಲ್ಲಿಸಿಬಿಡುವುದೂ ಉಂಟು. ಕಣ್ಣಿಗೆ ಅದು ಗೊತ್ತೇ ಆಗದು. ಕೈಗೆ ಮಾತ್ರ ಭಾರವಾದದ್ದು ಏನೋ ಬಡಿದ ಹಾಗೆ ಅನಿಸುತ್ತದೆ. ಮೊಮ್ಮಗನ ಪಕ್ಕ ಮತ್ತೆ ಕೂತರೆ ಪರದೆ ನೋಡಬೇಡಿ, ಅವನ ಹೆಬ್ಬೆರಳು ನೋಡಿ. ಸುಮ್ನೆ ಬಟನ್ ಕುಟ್ಟುತ್ತಿರುವುದಿಲ್ಲ, ಕಾಯುತ್ತಿರುತ್ತಾನೆ.

ನಮ್ಮ ಕಡೆಯ ಬಯಲಾಟವೂ ಹೀಗೇ ಅಲ್ವಾ? ಅಟ್ಟದ ಮೇಲೆ ಇಬ್ಬರು ವೀರರು ಎದುರಾದರೆ ಕತ್ತಿ ಎತ್ತುವ ಮೊದಲು ಹೆಸರು ಕೇಳುತ್ತಾರೆ, ಕುಲ ಕೇಳುತ್ತಾರೆ, ಪದ ಹೇಳುತ್ತಾರೆ, ಹಲಗೆ ಅದುರುವ ಹಾಗೆ ಕುಣಿಯುತ್ತಾರೆ. ಜನ ಬೆಳಗಿನ ತನಕ ಕೂರುವುದು ಯಾರು ಸತ್ತರು ಅಂತ ತಿಳಿಯಲು ಅಲ್ಲ. ಇಬ್ಬರ ನಡುವೆ ನಡೆಯುವ ಆ ಜಟಾಪಟಿ ನೋಡಲು.

ಇದನ್ನು ಚೆನ್ನಾಗಿ ಅರಿತ ಗೇಮ್ ತಯಾರಕರು ಬಂದೂಕನ್ನು ಬಿಡುವುದಿಲ್ಲ, ಅದಕ್ಕೆ ಬೇರೆ ಕೆಲಸ ಹಚ್ಚುತ್ತಾರೆ. 2015ರ 'ಬ್ಲಡ್‌ಬೋರ್ನ್' ಗೇಮು ನನ್ನ ಮಟ್ಟಿಗೆ ಇದರಲ್ಲಿ ಎಲ್ಲಕ್ಕಿಂತ ಮೇಲು. ಅಲ್ಲಿ ಬೇಟೆಗಾರನ ಒಂದು ಕೈಯಲ್ಲಿ ಅಲಗು, ಇನ್ನೊಂದರಲ್ಲಿ ಪಿಸ್ತೂಲು. ಆ ಪಿಸ್ತೂಲಿನ ಗುಂಡಿಗೆ ಸಾಯುವವರು ಕಡಿಮೆ. ಮೃಗ ಮೈಮೇಲೆ ಎರಗುವ ಗಳಿಗೆಯಲ್ಲೇ ಸರಿಯಾಗಿ ಹಾರಿಸಿದರೆ ಅದು ತತ್ತರಿಸಿ ಮಂಡಿಯೂರುತ್ತದೆ. ಆಗ ಹತ್ತಿರ ಹೋಗಿ ಕೈಯಿಂದಲೇ ಮುಗಿಸಬೇಕು. ಮೊದಲೇ ಹಾರಿಸಿದರೆ ಗುಂಡು ದಂಡ, ತಡವಾದರೆ ಜೀವ ದಂಡ. ಪೆಟ್ಟು ತಿಂದ ಮೇಲೂ ಹಿಂದೆ ಸರಿಯದೆ ಕೂಡಲೇ ತಿರುಗಿ ಹೊಡೆದರೆ ಕಳೆದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. ಇಡೀ ಗೇಮು "ಹತ್ತಿರ ಬಾ" ಅನ್ನುತ್ತದೆ. ಬಂದೂಕು ಇರುವುದೂ ಅದಕ್ಕೇ.

2001ರ 'ಡೆವಿಲ್ ಮೇ ಕ್ರೈ'ಯಲ್ಲಿ ನಾಯಕನಿಗೆ ಜೋಡಿ ಪಿಸ್ತೂಲು. ಕತ್ತಿಯಿಂದ ಮೇಲಕ್ಕೆ ಚಿಮ್ಮಿಸಿದ ವೈರಿ ಕೆಳಗೆ ಬೀಳದ ಹಾಗೆ ಗಾಳಿಯಲ್ಲೇ ತಡೆಹಿಡಿಯಲು ಅವು ಬೇಕು. ನಿಜವಾದ ಏಟು ಕತ್ತಿಯದೇ. 1999ರ 'ಫೈನಲ್ ಫ್ಯಾಂಟಸಿ 8' ಎರಡನ್ನೂ ಬೆಸೆದು ಗನ್‌ಬ್ಲೇಡ್ ಮಾಡಿತು. ಅಲಗು ತಾಕುವ ಗಳಿಗೆಗೆ ಸರಿಯಾಗಿ ಟ್ರಿಗರ್ ಒತ್ತಿದರೆ ಪೆಟ್ಟು ಜೋರಾಗುತ್ತದೆ. ಅಲ್ಲಿಯೂ ಎಲ್ಲಾ ಸಮಯದ್ದೇ ಆಟ. ನಿಮ್ಮ ಮೊಮ್ಮಗನ ಗೇಮಿನಲ್ಲೂ ನೋಡಿರಬಹುದು, ಗುಂಡು ಬರುವಾಗ ಅವನು ಬಟನ್ ಒತ್ತಿ ಹಿಡಿದು ಆ ಅಗಲ ಕತ್ತಿಯನ್ನೇ ಗುರಾಣಿ ಮಾಡಿಕೊಳ್ಳುತ್ತಾನೆ.

ಇನ್ನೊಂದು ಕಾರಣ ಬೆಳವಣಿಗೆಯದು. ಈ ಬಗೆಯ ಗೇಮಿನಲ್ಲಿ ಆಡುತ್ತಾ ಆಡುತ್ತಾ ನಾಯಕ ಬಲಿಯುತ್ತಾನೆ. ಕತ್ತಿಯ ಪೆಟ್ಟು ತೋಳಿನದು, ತೋಳು ಬಲಿತರೆ ಪೆಟ್ಟೂ ಬಲಿಯುತ್ತದೆ, ಯಾರಾದರೂ ನಂಬುತ್ತಾರೆ. ಗುಂಡಿನ ಶಕ್ತಿ ಮದ್ದಿನದು. ಮೊದಲ ದಿನ ಹಾರಿಸಿದರೂ ನೂರನೇ ದಿನ ಹಾರಿಸಿದರೂ ಅದು ಅದೇ. ತಲೆಗೆ ಗುಂಡು ಬಿದ್ದವನು ಬಿದ್ದರೆ ಆಟ ಅಲ್ಲಿಗೇ ಮುಗಿಯಿತು, ಇಪ್ಪತ್ತು ಗುಂಡು ತಿಂದೂ ಓಡಾಡುತ್ತಿದ್ದರೆ ನೋಡುವವನಿಗೆ ಮೋಸ ಅನಿಸುತ್ತದೆ. ಬರೀ ಬಂದೂಕಿನ ಗೇಮಿನಲ್ಲೂ ಕೈ ಆಯುಧ ಪೂರ್ತಿ ಹೋಗಿಲ್ಲ. ಪಬ್ಜಿ ಆಡಿದ ಹುಡುಗರನ್ನು ಕೇಳಿ, ಬಾಣಲೆಯ ಕಥೆ ಹೇಳುತ್ತಾರೆ. ಬೆನ್ನಿಗೆ ನೇತುಹಾಕಿಕೊಂಡರೆ ಗುಂಡನ್ನೂ ತಡೆಯುತ್ತದೆ.

ಮೂರನೆಯದು ನಂಬಿಕೆಯ ಮಾತು, ಇದರಲ್ಲಿ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳುವುದನ್ನು ನೀವು ಹತ್ತಿರದಿಂದ ನೋಡಿದವರು. "ಆಹಾ ರುದ್ರಾ, ಆಹಾ ದೇವಾ" ಅಂತ ಶುರುವಾದರೆ ವಾದ್ಯ ತಟ್ಟನೆ ನಿಲ್ಲುತ್ತದೆ. ಖಡ್ಗ ಹಿಡಿದ ಕೈ ಮೇಲೇಳುತ್ತದೆ, ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ಒಂದು ಗೇಣು ಹಿಂದೆ ಸರಿಯುತ್ತಾರೆ. ದಕ್ಷಯಜ್ಞದ ಕಥೆಗೆ ಆ ಖಡ್ಗವೇ ಬೇಕು. ಅದಕ್ಕೆ ಪೂಜೆ ಇದೆ, ಮನೆತನ ಇದೆ, ತಂದೆಯಿಂದ ಮಗನಿಗೆ ಬಂದ ಹಕ್ಕಿದೆ. ಫ್ಯಾಂಟಸಿ ಗೇಮು ಹುಡುಕುವುದೂ ಇದನ್ನೇ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ರೈಫಲ್ಲಿಗೆ ಆ ಹಿನ್ನೆಲೆ ಕಟ್ಟುವುದು ಕಷ್ಟ.

ಇನ್ನು ನಿಮ್ಮ ಚಿಂತೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಬೀದಿಯಲ್ಲಿ ತಲವಾರ್ ಝಳಪಿಸಿ ಫೋಟೋ ಹಾಕುವ ಹುಡುಗರು ಇದ್ದಾರೆ, ಅವರಿಗೆ ಕಾನೂನಿನ ಬಿಸಿ ಮುಟ್ಟಲೇಬೇಕು. ಆದರೆ ಅವರು ಕೇಕ್ ಮೇಲೆ ಕತ್ತಿ ಇಡುವುದು ನೋಡುವವರು ಹೆದರಲಿ ಅಂತ. ಅಲ್ಲಿ ಎದುರಾಳಿಯೇ ಇಲ್ಲ. ಗೇಮಿನಲ್ಲಿ 'ಬಾಸ್' ಅನ್ನುವ ದೊಡ್ಡ ಎದುರಾಳಿಯ ಮುಂದೆ ಹತ್ತಾರು ಸಲ ಸತ್ತು, ಪ್ರತಿ ಸಲ ಅದರ ನಡೆ ಕಲಿತು ಮತ್ತೆ ನಿಲ್ಲುವ ಹುಡುಗನಿಗೆ ಗೊತ್ತಾಗುವುದು ಬೇರೆ ವಿಷಯ, ತಾಳ್ಮೆಯದು. ಎಷ್ಟು ಹೊತ್ತು ಆಡುತ್ತಾನೆ, ನಿದ್ದೆ ಕೆಡುತ್ತಾನಾ ಅನ್ನುವುದನ್ನು ಮನೆಯವರು ನೋಡಿಕೊಳ್ಳಲಿ. ಗೇಮಿನ ಮೇಲೆ ಬರೆದಿರುವ ವಯಸ್ಸಿನ ಮಿತಿಯನ್ನೂ ಗಮನಿಸಿ. 'ಬ್ಲಡ್‌ಬೋರ್ನ್' ಅಂಥದ್ದು ಚಿಕ್ಕ ಮಕ್ಕಳಿಗೆ ಖಂಡಿತ ಅಲ್ಲ.

ಒಂದು ಆಸೆಯನ್ನೂ ಬರೆದುಬಿಡುತ್ತೇನೆ. ಪುಣೆಯ ತಂಡವೊಂದು 2020ರಲ್ಲಿ 'ರಾಜಿ' ಅನ್ನುವ ಗೇಮ್ ತಂದಿತು. ನಾಯಕಿ ಒಬ್ಬ ಹುಡುಗಿ, ಕೈಯಲ್ಲಿ ತ್ರಿಶೂಲ, ಬಿಲ್ಲು. ಕಥೆಯ ಭಾಗಗಳನ್ನು ತೊಗಲುಗೊಂಬೆಯ ಆಟದ ಹಾಗೆ ತೋರಿಸಿದರು. ಹಾಗೇ ನಮ್ಮ ಏಳು ಸುತ್ತಿನ ಕೋಟೆ ಯಾಕೆ ಬರಬಾರದು? ತಿರುಗುವ ದಾರಿಗಳು, ಅಕ್ಕ ತಂಗಿ ಹೊಂಡ, ಮದ್ದು ಬೀಸುವ ಕಲ್ಲು, ಮೇಲೆ ಬತೇರಿಯಲ್ಲಿ ತೋಪು, ಕೆಳಗೆ ಒಬ್ಬರಷ್ಟೇ ನುಸುಳಬಹುದಾದ ಕಿಂಡಿ. ದೂರದಲ್ಲಿ ಬಂದೂಕು, ಹತ್ತಿರ ಬಂದರೆ ಕತ್ತಿ, ಕಿಂಡಿಯ ಬಾಯಲ್ಲಿ ಒನಕೆ. ಮೂರಕ್ಕೂ ಜಾಗ ಇರುವ ನಕ್ಷೆ ನಮ್ಮ ಬೆಟ್ಟದ ಮೇಲೆ ತಯಾರಾಗಿಯೇ ಇದೆ. ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಪ್ರಯತ್ನ ಮಾಡುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ನಮಗೆ ಬರೆಯಿರಿ. ಅರ್ಧಂಬರ್ಧ ಆಗಿದ್ದರೂ ಪರವಾಗಿಲ್ಲ, ಎರಡು ಪುಟ ನಿಮಗೆ ಮೀಸಲು. ಕೋಟೆಯ ಇತಿಹಾಸದಲ್ಲಿ ಏನಾದರೂ ತಪ್ಪು ಕಂಡರೆ ತಿದ್ದಿಕೊಡಲು, ಮೇಷ್ಟ್ರೇ, ನೀವು ಒಪ್ಪಬೇಕು.

— ಸಂಪಾದಕ