ಗ್ರಾಫೀನ್ ಓಎಸ್ ಹಾಕಿದರೆ ಯುಪಿಐ ನಡೆಯುತ್ತಾ?

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 8ಎ (ಗೂಗಲ್‌ನ ಫೋನ್) ಕೊಂಡು ಗ್ರಾಫೀನ್ ಓಎಸ್ (ಖಾಸಗಿತನ, ಭದ್ರತೆಗೆ ಒತ್ತು ಕೊಡುವ, ಆಂಡ್ರಾಯ್ಡ್ ಆಧಾರಿತ ಬೇರೆ ಓಎಸ್) ಹಾಕಬೇಕು, ಆದರೆ ಬ್ಯಾಂಕ್ ಆ್ಯಪ್, ಯುಪಿಐ ನಿಂತುಹೋದರೆ ಏನು ಗತಿ ಅಂತ ಕೇಳಿದ್ದೀರಿ. ನಿಮ್ಮ ಭಯ ಸರಿಯಾದದ್ದೇ. ಕೆಲವು ಬ್ಯಾಂಕ್ ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ತಪಾಸಣೆ ಮಾಡುತ್ತವೆ. ಗೂಗಲ್ ಒಪ್ಪಿದ ಆಂಡ್ರಾಯ್ಡ್ ಅಲ್ಲ ಅಂತ ಗೊತ್ತಾದರೆ, ಫೋನ್ ಎಷ್ಟೇ ಭದ್ರವಾಗಿರಲಿ, ತೆರೆಯುವುದೇ ಇಲ್ಲ. ಇದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತದೆ. ಉಳಿದ ಎಷ್ಟೋ ಆ್ಯಪ್‌ಗಳು ಸ್ಯಾಂಡ್‌ಬಾಕ್ಸ್ ಮಾಡಿದ (ಅಂದರೆ ವಿಶೇಷ ಅಧಿಕಾರವಿಲ್ಲದೆ ಸಾಮಾನ್ಯ ಆ್ಯಪ್‌ನಂತೆ ನಡೆಯುವ) ಗೂಗಲ್ ಪ್ಲೇ ಹಾಕಿಕೊಂಡರೆ ಸರಿಯಾಗಿ ನಡೆಯುತ್ತವೆ.

ಹಾಗಾಗಿ ಹಳೆಯ ಫೋನನ್ನು ಈಗಲೇ ಮಾರಬೇಡಿ. ಯುಪಿಐ ನಿಮ್ಮ ಸಿಮ್‌ಗೂ ಫೋನ್‌ಗೂ ಕಟ್ಟಿಕೊಂಡಿರುತ್ತದೆ, ಹೊಸ ಫೋನಿನಿಂದ ಮತ್ತೆ ಎಸ್‌ಎಂಎಸ್ ಹೋಗಲೇಬೇಕು. ರಜಾ ದಿನ ಸಿಮ್ ಬದಲಿಸಿ, ಒಂದೊಂದೇ ಆ್ಯಪ್ ನೋಡಿ. ಯಾವುದಾದರೂ ಹಟ ಹಿಡಿದರೆ ಬ್ಯಾಂಕಿನ ವೆಬ್‌ಸೈಟ್ ಇದ್ದೇ ಇದೆ ಅಲ್ವಾ?

ಇನ್ನೊಂದು ಮುಖ್ಯ ವಿಷಯ. ದುಡ್ಡು ಕೊಡುವ ಮೊದಲು ಡೆವಲಪರ್ ಆಯ್ಕೆಗಳಲ್ಲಿ ‘ಓಇಎಂ ಅನ್‌ಲಾಕಿಂಗ್’ ಆನ್ ಆಗುತ್ತಾ ನೋಡಿ, ಅದಿಲ್ಲದೆ ಬೇರೆ ಓಎಸ್ ಹಾಕಲು ಆಗುವುದಿಲ್ಲ. ಅಮೆರಿಕದ ವೆರೈಝನ್ ಮಾರಿದ ಪಿಕ್ಸೆಲ್‌ಗಳಲ್ಲಿ ಅದು ಆಗುವುದಿಲ್ಲ. ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಿದಾಗ ಫೋನಿನಲ್ಲಿರುವುದೆಲ್ಲ ಪೂರ್ತಿ ಅಳಿಸಿಹೋಗುತ್ತದೆ. ಓಎಸ್ ಹಾಕಿದ ಮೇಲೆ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿ, ಇದನ್ನು ಮಾತ್ರ ಮರೆಯಬೇಡಿ.

ಮನೆಯವರೆಲ್ಲ ವಾಟ್ಸ್ಆ್ಯಪ್‌ನಲ್ಲಿದ್ದರೆ ಅದೂ ಇರಲಿ. ಗ್ರಾಫೀನ್ ಓಎಸ್‌ನಲ್ಲಿ ‘ಕಾಂಟ್ಯಾಕ್ಟ್ ಸ್ಕೋಪ್ಸ್’ ಅಂತ ಒಂದು ಸೌಲಭ್ಯವಿದೆ, ನೀವು ಆರಿಸಿದ ನಂಬರ್‌ಗಳಷ್ಟೇ ಆ್ಯಪ್‌ಗೆ ಕಾಣುತ್ತವೆ. 8ಎಗೆ 2031ರ ಮೇವರೆಗೆ ಅಪ್‌ಡೇಟ್ ಕೊಡುವುದಾಗಿ ಗೂಗಲ್ ಹೇಳಿದೆ, ಆಯ್ಕೆ ಚೆನ್ನಾಗಿದೆ. ಯಾವ ಬ್ಯಾಂಕ್ ಅಂತ ಬರೆಯಿರಿ, ಅದನ್ನು ಬಳಸುವವರು ಇಲ್ಲಿ ಯಾರಾದರೂ ಇದ್ದರೆ ಹೇಳುತ್ತಾರೆ.