ನಂಬಿಕೆ ಮುಚ್ಚಿಡಬೇಡಿ, ಸಹೋದರಿ

ಸಹೋದರಿ, ಮಂಡ್ಯದ ಬಾಡಿಗೆ ಮನೆಯಲ್ಲಿ ಪ್ರಾರ್ಥನೆಗೆ ಕೂಡಿದ್ದಕ್ಕೆ ಬೀದಿಯವರು ಬಾಗಿಲಿಗೆ ಬಂದು ಕೂಗಾಡಿದರು, ಅತ್ತೆ ಮಾತು ಬಿಟ್ಟರು, ಯೇಸುವನ್ನು ನಂಬಿದ್ದನ್ನು ಇನ್ನು ಮುಚ್ಚಿಡಬೇಕಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಮುಚ್ಚಿಡಬೇಡಿ.

ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರ ಈಗಿನ ಟರ್ಕಿಯ ಸೀಮೆಗಳಲ್ಲಿ ಚದುರಿಹೋಗಿದ್ದ, ಸುತ್ತಲಿನವರಿಂದ ನಿಂದೆ ಕೇಳುತ್ತಿದ್ದ ವಿಶ್ವಾಸಿಗಳಿಗೆ ಬರೆದದ್ದು. ಅದರ 3ನೇ ಅಧ್ಯಾಯದ 15, 16ನೇ ವಚನ ಓದಿ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಮೃದುವಾಗಿ, ಮರ್ಯಾದೆಯಿಂದ ಅನ್ನುತ್ತದೆ. ವಾದ ಗೆಲ್ಲಿ ಅನ್ನುವುದಿಲ್ಲ. ಅತ್ತೆಯ ವಿಷಯದಲ್ಲಿ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಅವರ ದೇವರನ್ನು ಹಳಿಯಬೇಡಿ. ಯುಗಾದಿಗೆ ಒಬ್ಬಟ್ಟು ತಟ್ಟುವಾಗ ಪಕ್ಕದಲ್ಲಿ ಕೂತು ಹೂರಣ ಉಂಡೆ ಕಟ್ಟಿಕೊಡಿ. ಪೂಜೆಗೆ ಕರೆದರೆ ‘ಆಗಲ್ಲ ಅತ್ತೆ, ಬೇಜಾರು ಮಾಡ್ಕೋಬೇಡಿ’ ಅನ್ನಿ, ಅಷ್ಟೇ. ಅವರು ಮಾತಾಡದಿದ್ದರೂ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಬೇಡಿ.

ಬೀದಿಯವರ ಮಾತು ಬೇರೆ. ಮೈಕ್ ಇಟ್ಟಿದ್ದರೆ ತೆಗೆಯಿರಿ, ಅದು ಹಟ ಹಿಡಿಯುವ ವಿಷಯ ಅಲ್ಲ. ಮತ್ತೆ ಬಂದು ಬೆದರಿಸಿದರೆ ಮಾತ್ರ ಸುಮ್ನೆ ಇರಬೇಡಿ. 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ಬರಹದಲ್ಲೇ ದೂರು ಕೊಟ್ಟು ಹಿಂಬರಹ, ಅಂದರೆ ದೂರು ಬಂದಿದೆ ಅನ್ನುವ ಚೀಟಿ, ಪಡೆಯಿರಿ. ನಂಬಿದ ಧರ್ಮವನ್ನು ಪಾಲಿಸುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಈ ಸೀಮೆಗೆ ನಾವು ಹೊರಗಿನವರಲ್ಲ, ಅಲ್ವಾ?

ಭಾನುವಾರದ ಆರಾಧನೆ ತಪ್ಪಿಸಬೇಡಿ. ನಡೆದದ್ದನ್ನೆಲ್ಲ ಪಾಸ್ಟರ್‌ಗೆ ಈ ವಾರವೇ ಹೇಳಿ. ಠಾಣೆಗೆ ಒಬ್ಬರೇ ಹೋಗಬೇಡಿ, ಸಭೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ.